ಜಗಲಿಯ ಹೂಬಿಲ್ಲೆ, ತೋಟದ ಸಿಲ್ವರ್ ಮರ

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ಮಧ್ಯಾಹ್ನದ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಭಾಷಣ ಮಾಡುವುದು ನನಗೆ ರೂಢಿ ಇಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಸೀದಾ ತೋಟಕ್ಕೆ ಇಳಿದವನು ನಾನು. ಆಮಂತ್ರಣ ಪತ್ರಿಕೆಯಲ್ಲಿ ಕಾರ್ಯದರ್ಶಿಗಳು ನನ್ನ ಹೆಸರಿನ ಮುಂದೆ ‘ಸಿಲ್ವರ್ ಓಕ್ ಮೌಲ್ಯವರ್ಧನೆ’ ಎಂದು ಅಚ್ಚು ಹಾಕಿಸಿದ್ದಾರೆ. ಅಷ್ಟು ದೊಡ್ಡ ಮಾತು ನನ್ನ ಬಾಯಲ್ಲಿ ಹೊರಡುವುದಿಲ್ಲ. ನಾನು ಒಂದು ಮೇಜಿನ ಕತೆ ಹೇಳುತ್ತೇನೆ. ಮೇಜು ಇಲ್ಲೇ ಇದೆ. ಅಧ್ಯಕ್ಷರ ಬಲಗಡೆ, ಅವರ ನೀರಿನ ಲೋಟ ಇಟ್ಟಿದ್ದಾರಲ್ಲ, ಅದೇ. ಬೆಳಿಗ್ಗೆಯಿಂದ ಹತ್ತಾರು ಜನ ಅದನ್ನು ಮುಟ್ಟಿ ನೋಡಿ, ‘ಬೀಟೆಯಾ? ಎಲ್ಲಿಂದ ತಂದ್ರಿ?’ ಎಂದು ಕೇಳಿದ್ದಾರೆ. ಬೀಟೆ ಅಲ್ಲ ಸ್ವಾಮಿ. ನಿಮ್ಮ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತಿದೆಯಲ್ಲ, ಆ ಸಿಲ್ವರ್ ಮರ. ಮೇಲಿನ ಹೂವಿನ ಬಿಲ್ಲೆಗಳು ಮಾತ್ರ ನಮ್ಮ ಹಳೇ ಮನೆಯವು.

ಆ ಮನೆಯಿಂದಲೇ ಶುರು ಮಾಡುತ್ತೇನೆ. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆಯ ಮನೆ. ಮಾಡಿಗೆ ಮಂಗಳೂರು ಹೆಂಚು. ಜಗಲಿಯಲ್ಲಿ ಒರಗಿ ಕೂರುವ ಗೋಡೆಗೆ ಮಾತ್ರ ಎರಡು ಸಾಲು ಪಿಂಗಾಣಿ ಬಿಲ್ಲೆ ಕೂರಿಸಿದ್ದರು. ಹಸಿರು ನೆಲ, ಉಬ್ಬಿ ನಿಂತ ಗುಲಾಬಿ ಹೂವು. ಅಜ್ಜ ಏಲಕ್ಕಿ ಮಾರಲು ಮಂಗಳೂರಿಗೆ ಹೋದವರು ಬರುವಾಗ ಹುಲ್ಲಿನಲ್ಲಿ ಸುತ್ತಿ, ಗಾಡಿಯಲ್ಲಿ ಘಾಟಿ ಹತ್ತಿಸಿ ತಂದರಂತೆ. ದುಡ್ಡಿಗೆ ಅಜ್ಜಿ ಜಗಳವಾಡಿದರಂತೆ. ಅದು ಮನೆಯೊಳಗಿನ ಕತೆ, ಬಿಡಿ. ನಮ್ಮ ಅವ್ವ ಆ ಮನೆಗೆ ಸೊಸೆಯಾಗಿ ಬಂದವರು ಐವತ್ತು ವರ್ಷ ಆ ಬಿಲ್ಲೆಗಳಿಗೆ ಬೆನ್ನು ಕೊಟ್ಟು ಕೂತು ಅಕ್ಕಿ ಆರಿಸಿದ್ದಾರೆ, ಮೆಣಸು ಬಿಡಿಸಿದ್ದಾರೆ, ನಮ್ಮ ತಲೆ ಬಾಚಿದ್ದಾರೆ.

2019ರ ಆಗಸ್ಟ್ ಮಳೆ ನಿಮಗೆ ಯಾರಿಗೂ ನೆನಪು ಮಾಡಿಕೊಡಬೇಕಾಗಿಲ್ಲ. ಮಲೆಮನೆ ಕಡೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡವೇ ಜಾರಿತು. ಚಾರ್ಮಾಡಿ ಘಾಟಿ ಮುಚ್ಚಿತು. ಮನೆ ತೋಟ ಎರಡೂ ಕಳೆದುಕೊಂಡವರು ಈ ಸಭೆಯಲ್ಲೇ ಇದ್ದಾರೆ. ಅವರ ಮುಂದೆ ನನ್ನ ನಷ್ಟ ನಷ್ಟವೇ ಅಲ್ಲ. ನಮ್ಮಲ್ಲಿ ಹೋದದ್ದು ಮುಂದಿನ ಗೋಡೆ ಮತ್ತು ಜಗಲಿ. ರಾತ್ರಿ ಒಂದು ಗಂಟೆಗೆ ದಡ್ ಎಂದು ಸದ್ದು. ನಾವೆಲ್ಲ ಹಿಂದಿನ ಕೊಟ್ಟಿಗೆಯಲ್ಲಿ ಬೆಳಗು ಮಾಡಿದೆವು. ಉಳಿದ ಗೋಡೆಗಳೂ ನೆನೆದು ಸಡಿಲಾಗಿದ್ದರಿಂದ ಮನೆ ಇಳಿಸಲೇಬೇಕಾಯಿತು. ಈಗ ಇರುವುದು ಆರ್.ಸಿ.ಸಿ. ಮನೆ. ಗಟ್ಟಿಯಾಗಿದೆ, ಸೋರುವುದಿಲ್ಲ. ಆದರೆ ಜಗಲಿ ಇಲ್ಲ, ಸಿಟ್‌ಔಟ್ ಇದೆ. ಅವ್ವ ಅಲ್ಲಿ ಕೂರುವುದಿಲ್ಲ. ‘ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗಾಗುತ್ತೆ’ ಎನ್ನುತ್ತಾರೆ.

ಮನೆ ಇಳಿಸುವಾಗ ಮಣ್ಣಿನ ರಾಶಿಯಲ್ಲಿ ಬಿಲ್ಲೆಗಳನ್ನು ಹುಡುಕಿದೆವು. ಅಪ್ಪ ಎಂಬತ್ತರ ದಶಕದಲ್ಲಿ ಒಂದು ಭಾಗ ಕಿತ್ತು ಸಿಮೆಂಟಿನಲ್ಲಿ ಮತ್ತೆ ಕೂರಿಸಿದ್ದರು. ಆ ಬಿಲ್ಲೆ ಒಂದೂ ಉಳಿಯಲಿಲ್ಲ, ಸಿಮೆಂಟು ಕಚ್ಚಿ ಹಿಡಿದು ಚೂರು ಚೂರಾಯಿತು. ಅಜ್ಜನ ಕಾಲದಲ್ಲಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದವು ಮಾತ್ರ ಬಿಟ್ಟುಕೊಂಡವು. ನಾಲ್ಕು ದಿನ ನೀರಿನಲ್ಲಿ ನೆನೆಹಾಕಿ, ಬಿದಿರಿನ ಸಿಬಿರಿನಲ್ಲಿ ಕೆರೆದರೆ ಗಾರೆ ಬೆಲ್ಲದ ಅಚ್ಚಿನ ಹಾಗೆ ಕಳಚಿತು. ಇಡೀ ಬಿಲ್ಲೆ ಸಿಕ್ಕಿದ್ದು ಏಳು. ಬೆನ್ನು ತೊಳೆದು ನೋಡಿದರೆ ಇಂಗ್ಲಿಷಿನಲ್ಲಿ ‘ಮೇಡ್ ಇನ್ ಜಪಾನ್’ ಎಂದು ಉಬ್ಬಿದ ಅಕ್ಷರ! ನಾವು ಇಷ್ಟು ವರ್ಷ ಮಂಗಳೂರಿನದೆಂದೇ ತಿಳಿದಿದ್ದೆವು. ಆಮೇಲೆ ಗೊತ್ತಾಯಿತು, ಮೊದಲು ಇಂಗ್ಲೆಂಡಿನಿಂದ ಇಂಥ ಬಿಲ್ಲೆ ಬರುತ್ತಿದ್ದವು, ಅದನ್ನೇ ನೋಡಿ ಜಪಾನಿನವರು ಮಾಡಿ 1910ರಿಂದ 1930ರ ದಶಕದವರೆಗೆ ಹಡಗು ಹಡಗು ನಮ್ಮ ದೇಶಕ್ಕೆ ಕಳಿಸಿದರು ಎಂದು. ಅಳತೆ ಸರಿಯಾಗಿ ಆರು ಇಂಚು ಚೌಕ. ಏಳನ್ನೂ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಎಂತಕ್ಕೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಇನ್ನು ಮರದ ವಿಷಯ. ಹೊಸ ಮನೆ ಕಟ್ಟಲು ದುಡ್ಡು ಬೇಕಿತ್ತು. ನಲವತ್ತು ಸಿಲ್ವರ್ ಮರ ನಿಂತ ಹಾಗೇ ಒಬ್ಬ ವ್ಯಾಪಾರಿಗೆ ಕೊಟ್ಟೆ. ಬೀಟೆಗೆ, ಹೊನ್ನೆಗೆ ಇರುವ ಹಾಗೆ ಇದಕ್ಕೆ ಅರಣ್ಯ ಇಲಾಖೆಯ ತಾಪತ್ರಯ ಇಲ್ಲ. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ 1976ರಲ್ಲಿ ಕಡಿಯಲು ಅನುಮತಿ ಬೇಡದ ಮರಗಳಲ್ಲಿ ಇದೂ ಒಂದು. ಅದಕ್ಕೇ ನಮಗೆಲ್ಲ ಇದು ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ. ಮಗಳ ಮದುವೆ ಬಂತು, ಹತ್ತು ಮರ. ಆಸ್ಪತ್ರೆ ಖರ್ಚು ಬಂತು, ಐದು ಮರ. ವ್ಯಾಪಾರಿ ಹೇಳಿದ ಲೆಕ್ಕ, ಲಾರಿ ಹೋದ ಮೇಲೆ ನಮ್ಮ ಕೈಗೆ ಬಂದದ್ದೇ ದುಡ್ಡು. ನನಗೆ ಮೋಸ ಆಯಿತೆಂದು ನಾನು ಹೇಳುತ್ತಿಲ್ಲ, ನಾನೇ ಒಪ್ಪಿ ಕೊಟ್ಟದ್ದು. ಆದರೆ ಮೂವತ್ತು ವರ್ಷದ ಮರ, ಸುತ್ತಳತೆ ಐದೂವರೆ ಅಡಿ ಇದ್ದದ್ದೂ, ಕೈಹಿಡಿಯ ಗಾತ್ರದ್ದೂ ಒಂದೇ ಲೋಡಿನಲ್ಲಿ ಒಂದೇ ಲೆಕ್ಕಕ್ಕೆ ಹೋಯಿತು. ಎಲ್ಲ ಪ್ಲೈವುಡ್ ಫ್ಯಾಕ್ಟರಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ.

ಒಂದು ದಿಮ್ಮಿ ಮಾತ್ರ ಹಳ್ಳಕ್ಕೆ ಉರುಳಿ ಬಿದ್ದು ಲೋಡಿಗೆ ಸಿಗಲಿಲ್ಲ. ಅದೇ ಈ ಮೇಜು.

ನಮ್ಮ ಭಾವ ಕಳಸದ ದಾರಿಯಲ್ಲಿ ಹೋಂಸ್ಟೇ ನಡೆಸುತ್ತಾರೆ. ಅಲ್ಲಿಗೆ ಬಂದಿದ್ದ ಬೆಂಗಳೂರಿನ ಒಬ್ಬ ಮೇಷ್ಟ್ರು ತೋಟ ನೋಡಲು ಬಂದವರು ಆ ದಿಮ್ಮಿಯ ತುದಿ ನೋಡಿ ನಿಂತುಬಿಟ್ಟರು. ತುದಿಯಲ್ಲಿ ನಡುವಿನಿಂದ ಹೊರಗೆ ಗಾಡಿ ಚಕ್ರದ ಅರಗಳ ಹಾಗೆ ಗೆರೆಗಳಿದ್ದವು. ನಾನು ಸಾವಿರ ಸಲ ನೋಡಿದ್ದೆ, ಒಂದು ಸಲವೂ ಯೋಚಿಸಿರಲಿಲ್ಲ. ಅವರು ತಮ್ಮ ಫೋನಿನಲ್ಲಿ ಅಮೆರಿಕದ ಒಂದು ಹಳೇ ಮೇಜಿನ ಚಿತ್ರ ತೋರಿಸಿದರು. ಓಕ್ ಮರದ ಸಣ್ಣ ಮೇಜು, ಮೇಲೆ ಹಸಿರು ಪಿಂಗಾಣಿ ಬಿಲ್ಲೆ. ಕಾಲು ನೆಟ್ಟಗೆ, ಕೆತ್ತನೆ ಇಲ್ಲ, ಬಳುಕು ಇಲ್ಲ. ಕೂಡಿಸಿದ ಜಾಗ ಮುಚ್ಚಿಡದೆ ಹೊರಗೆ ಕಾಣುವ ಹಾಗೆ ಬಿಟ್ಟಿದ್ದಾರೆ. ಓಕಿನ ಮೈ ಮೇಲೆ ಬೆಳ್ಳಿ ಗೆರೆ. ‘ನಿಮ್ಮ ಮರಕ್ಕೂ ಇದೇ ಗುಣ ಇದೆ. ಅದಕ್ಕೇ ಇದಕ್ಕೆ ಓಕ್ ಅಂತ ಹೆಸರು ಬಂದದ್ದು. ಇದು ಓಕ್ ಜಾತಿಯೇ ಅಲ್ಲ, ಆಸ್ಟ್ರೇಲಿಯಾದ ಮರ’ ಎಂದರು. ನೆರಳಿಗೆಂದು ಟೀ, ಕಾಫಿ ತೋಟಕ್ಕೆ ಇದನ್ನು ತಂದದ್ದು ಬ್ರಿಟಿಷರ ಕಾಲದಲ್ಲಿ.

ಆ ಮೇಷ್ಟ್ರು ಹೇಳಿದ್ದನ್ನು ಆಮೇಲೆ ನಾನೂ ಸ್ವಲ್ಪ ಓದಿ ತಿಳಿದುಕೊಂಡೆ. ಸಹಕಾರಿಗಳಾದ ನಿಮಗೆ ಇದು ರುಚಿಸಬಹುದು. ಇಂಗ್ಲೆಂಡಿನಲ್ಲಿ ಮಿಲ್ಲುಗಳು ಬಂದು ಕೈಕಸುಬಿನವರೆಲ್ಲ ಕೂಲಿಗಳಾದ ಕಾಲ. ರಾಚ್‌ಡೇಲ್‌ನಲ್ಲಿ 1844ರಲ್ಲಿ ಸಹಕಾರಿ ಅಂಗಡಿ ಹುಟ್ಟಿದ್ದು ಅದೇ ಕಷ್ಟದಿಂದ. ಅದೇ ಕಾಲದಲ್ಲಿ ಜಾನ್ ರಸ್ಕಿನ್ ಎಂಬವರು, ಆಮೇಲೆ ವಿಲಿಯಂ ಮಾರಿಸ್ ಎಂಬವರು, ಮಾಡುವವನ ಕೈಯ ಮರ್ಯಾದೆ ಹೋದರೆ ಮಾಡಿದ ವಸ್ತುವಿನ ಮರ್ಯಾದೆಯೂ ಹೋಗುತ್ತದೆ ಎಂದು ವಾದ ಮಾಡಿದರು. ಮಾರಿಸ್ ಬರೀ ಮಾತಾಡದೆ 1861ರಲ್ಲಿ ಗೆಳೆಯರನ್ನು ಸೇರಿಸಿ ಮೇಜು, ಕುರ್ಚಿ, ಬಟ್ಟೆ ಮಾಡಿಸಿ ಮಾರುವ ಸಂಸ್ಥೆ ತೆಗೆದರು. ಬಿಲ್ಲೆ ಮಾಡಲು ವಿಲಿಯಂ ಡಿ ಮಾರ್ಗನ್ ಎಂಬ ಗೆಳೆಯರಿದ್ದರು. 1887ರಲ್ಲಿ ಲಂಡನ್ನಿನಲ್ಲಿ ಈ ಪಂಗಡದವರು ಪ್ರದರ್ಶನದ ಸಂಘ ಕಟ್ಟಿಕೊಂಡಾಗ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಎಂಬ ಹೆಸರು ನಿಂತಿತು. ರಸ್ಕಿನ್ನರ ಪುಸ್ತಕವನ್ನೇ ಗಾಂಧೀಜಿ 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಓದಿ, ನಿದ್ದೆ ಬಿಟ್ಟು, ಫೀನಿಕ್ಸ್ ಆಶ್ರಮ ಕಟ್ಟಿದ್ದು. ‘ಸರ್ವೋದಯ’ ಎಂದು ಅದನ್ನೇ ಗುಜರಾತಿಗೆ ಇಳಿಸಿದ್ದು. ಮರುವರ್ಷ 1905ರಲ್ಲಿ ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಆರಂಭಿಸಿದರು. ಒಂದಕ್ಕೊಂದು ನೇರ ಸಂಬಂಧ ಇದೆಯೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಮಳೆಗೆ ಬೇರೆ ಬೇರೆ ಊರಲ್ಲಿ ಮೊಳಕೆ ಬಂದ ಹಾಗಿದೆ.

ಅಮೆರಿಕದ ಆ ಮೇಜು ಗುಸ್ತಾವ್ ಸ್ಟಿಕ್ಲಿ ಎಂಬವರ ಕಾರ್ಖಾನೆಯದು. ಅವರು 1901ರಲ್ಲಿ ತಮ್ಮ ಕಾರ್ಖಾನೆಗೆ ಕಸುಬುದಾರರ ಕೂಟದ ಹೆಸರನ್ನೇ ಇಟ್ಟುಕೊಂಡಿದ್ದರು. 1915ರಲ್ಲಿ ದಿವಾಳಿಯಾದರು. ನ್ಯೂಯಾರ್ಕಿನಲ್ಲಿ ಭಾರೀ ಕಟ್ಟಡ ಹಿಡಿದಿದ್ದರಂತೆ. ಆಡಿಟ್ ಮಾಡುವವರು ನಮ್ಮ ಕಾರ್ಯದರ್ಶಿಗಳ ಹಾಗೆ ಖಡಕ್ಕಾಗಿ ಇದ್ದಿದ್ದರೆ ಉಳಿಯುತ್ತಿದ್ದರೋ ಏನೋ! ಮಾರಿಸರ ಸಾಮಾನೂ ಅಷ್ಟೆ, ಬಡವರ ಪರವಾಗಿ ಮಾತಾಡಿ ಮಾಡಿದ್ದು, ಕೊಂಡವರು ಸಾಹುಕಾರರು. ಕೈಕೆಲಸಕ್ಕೆ ದುಬಾರಿ ಬೀಳುತ್ತದೆ. ಆ ಗಂಟು ಅವರಿಗೂ ಬಿಡಿಸಲಾಗಲಿಲ್ಲ.

ಸರಿ. ಚಿತ್ರ ನೋಡಿದ ಕೂಡಲೇ ನನಗೆ ಅಟ್ಟದ ಗೋಣಿ ನೆನಪಾಯಿತು. ಅವ್ವನ ಮಂಚದ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಅದರ ಮೇಲೆ ಮಾತ್ರೆ, ಕನ್ನಡಕ, ಕಾಫಿ ಲೋಟ. ಕೈ ತಾಗಿದರೆ ಎಲ್ಲವೂ ನೆಲಕ್ಕೆ. ಇದನ್ನೇ ಮಾಡಿಸೋಣ ಎಂದು ನಮ್ಮ ಆಚಾರ್ರ ಹತ್ತಿರ ಹೋದೆ. ಯಾರೆಂದು ಹೆಸರು ಹೇಳುವುದು ಬೇಡ ಎಂದಿದ್ದಾರೆ, ನಿಮಗೆ ಗೊತ್ತು. ನಿಮ್ಮ ಮನೆಯ ಬಾಗಿಲು, ನಿಮ್ಮ ಅಜ್ಜನ ಆರಾಮಕುರ್ಚಿ, ದೇವಸ್ಥಾನದ ಅಡ್ಡಪಲ್ಲಕ್ಕಿ ಎಲ್ಲ ಆ ಕೈಯದೇ. ಅವರ ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ ಅಡುಗೆಮನೆಗೆ ಲ್ಯಾಮಿನೇಟ್ ಕಪಾಟು ಕೂರಿಸುವ ಕೆಲಸದಲ್ಲಿದ್ದಾರೆ. ಉಳಿ, ತೋಪಡ, ಬೈರಿಗೆ ಎಲ್ಲ ಕೊಟ್ಟಿಗೆಯ ಮೂಲೆಯ ಪೆಟ್ಟಿಗೆಯಲ್ಲಿ ಎಣ್ಣೆ ಬಟ್ಟೆ ಸುತ್ತಿ ಇಟ್ಟಿದ್ದರು. ‘ಕಣ್ಣು ಕಾಣಲ್ಲ, ಕೈ ನಡುಗುತ್ತೆ ಗೌಡ್ರೇ, ರೆಡಿಮೇಡ್ ತಗೊಳ್ಳಿ’ ಎಂದರು. ‘ನೀವು ಹೇಳಿ, ನಾನು ಮಾಡ್ತೀನಿ’ ಎಂದೆ. ಅವರಿಗೆ ನಗು ಬಂತು. ಆದರೂ ದಿಮ್ಮಿ ನೋಡಲು ಬಂದರು.

ಇಲ್ಲಿಂದ ಮುಂದಿನದು ನೀವು ಕಿವಿಗೊಟ್ಟು ಕೇಳಬೇಕಾದ್ದು.

ಸಾಮಿಲ್ಲಿನಲ್ಲಿ ದಿಮ್ಮಿಯನ್ನು ಬ್ರೆಡ್ ಕೊಯ್ದ ಹಾಗೆ ಒಂದೇ ಕಡೆಯಿಂದ ಹಲಗೆ ಹಲಗೆಯಾಗಿ ಕೊಯ್ಯುತ್ತಾರೆ. ಬೇಗ ಆಗುತ್ತದೆ, ಹಲಗೆ ಅಗಲ ಬರುತ್ತದೆ. ಆದರೆ ಹಾಗೆ ಕೊಯ್ದ ಸಿಲ್ವರ್ ಹಲಗೆ ಒಣಗುವಾಗ ಹಪ್ಪಳದ ಹಾಗೆ ಡೊಂಕಾಗುತ್ತದೆ. ಅದಕ್ಕೇ ನಮ್ಮವರೆಲ್ಲ ‘ಸಿಲ್ವರ್ ಮರ ಪೀಠೋಪಕರಣಕ್ಕೆ ಆಗಲ್ಲ’ ಎನ್ನುವುದು. ಆಚಾರ್ರು ಮಾಡಿಸಿದ್ದು ಬೇರೆ. ದಿಮ್ಮಿಯನ್ನು ಹಲಸಿನ ಹಣ್ಣಿನ ಹಾಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿಸಿದರು. ಆಮೇಲೆ ಒಂದೊಂದು ಸೀಳಿನಲ್ಲಿ ನಡುವಿನಿಂದ ತೊಗಟೆಯ ಕಡೆಗೆ ಹೋಗುವ ಹಾಗೆ ಹಲಗೆ ತೆಗೆಸಿದರು. ಆ ಅರಗಳ ಗೆರೆ ಹಲಗೆಯ ಮುಖದಲ್ಲಿ ಮಲಗಿ ಕಾಣುತ್ತದೆ, ಮೀನಿನ ಮೈ ಹೊಳೆದ ಹಾಗೆ. ಹೀಗೆ ಕೊಯ್ದ ಹಲಗೆ ಹಿಗ್ಗುವುದು ಕುಗ್ಗುವುದೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಕಡಿಮೆ. ಹಲಗೆಯ ಅಗಲ ಕಡಿಮೆ ಸಿಗುತ್ತದೆ, ಮರ ಸ್ವಲ್ಪ ಹಾಳಾಗುತ್ತದೆ, ಮಿಲ್ಲಿನವರು ಗೊಣಗುತ್ತಾರೆ. ‘ಇದನ್ನ ನೀವು ಯಾರ ಹತ್ರ ಕಲಿತ್ರಿ?’ ಎಂದು ಕೇಳಿದೆ. ‘ಬೀಟೆ, ಹಲಸು ಎಲ್ಲ ಹೀಗೇ ಅಲ್ವಾ ನೋಡಿ ಕೊಯ್ಯೋದು. ಸಿಲ್ವರ್ ಮರಕ್ಕೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ’ ಎಂದರು.

ಕೊಯ್ಯಿಸಿದ್ದು ಜನವರಿಯಲ್ಲಿ. ಹಲಗೆಯ ಎರಡು ತುದಿಗೂ ಉಳಿದ ಪೇಂಟು ಬಳಿದೆವು, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ. ಹಲಗೆ ಹಲಗೆಯ ನಡುವೆ ರೀಪರ್ ತುಂಡು ಇಟ್ಟು, ಗಾಳಿ ಆಡುವ ಹಾಗೆ, ಕಣದ ಪಕ್ಕದ ಶೀಟಿನ ಮಾಡಿನ ಕೆಳಗೆ ಅಟ್ಟಿ ಹಾಕಿದೆವು. ಬಿಸಿಲಿಗೆ ಅಲ್ಲ, ನೆರಳಿಗೆ. ಕಾಫಿ ಒಣಗಿಸಿದ ಹಾಗೆ ಕಣಕ್ಕೆ ಹರಡಿದರೆ ಕೆಟ್ಟಿತು ಎಂದೇ ಲೆಕ್ಕ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಬೀಳುತ್ತದೆ, ಅದನ್ನು ಮೊದಲೇ ಕೊಯ್ದು ಸೌದೆಗೆ ಹಾಕಿಸಿದರು. ಒಂದು ಮಳೆಗಾಲ ದಾಟಿ ಮರುವರ್ಷ ಏಪ್ರಿಲ್ ಹೊತ್ತಿಗೆ ಹಲಗೆ ತಟ್ಟಿದರೆ ಠಣ್ ಎನ್ನುತ್ತಿತ್ತು. ಇನ್ನೊಂದು ಮಾತು, ಈ ಮರದ ಹುಡಿ ಕೆಲವರ ಮೈಗೆ ಆಗುವುದಿಲ್ಲ. ನನಗೆ ಕೈ ಕುತ್ತಿಗೆಯೆಲ್ಲ ತುರಿಕೆ ಎದ್ದು ವಾರ ಒದ್ದಾಡಿದೆ. ತುಂಬುತೋಳಿನ ಅಂಗಿ ಹಾಕಿಕೊಂಡೇ ತೋಪಡ ಹೊಡೆಯಿರಿ.

ಅಳತೆ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ನಾಲ್ಕು ಬಿಲ್ಲೆ ಕೂತರೆ ಹನ್ನೆರಡು ಇಂಚು ಚೌಕ. ಸುತ್ತ ಮೂರು ಮೂರು ಇಂಚಿನ ಮರದ ಚೌಕಟ್ಟು. ಒಟ್ಟು ಮೇಲ್ಭಾಗ ಹದಿನೆಂಟು ಇಂಚಿನ ಮೇಲೆ ಸ್ವಲ್ಪ. ಎತ್ತರ ಇಪ್ಪತ್ತು ಇಂಚು, ಅವ್ವನ ಮಂಚಕ್ಕೆ ಸರಿಯಾಗಿ. ಕಾಲು ಒಂದೂ ಮುಕ್ಕಾಲು ಇಂಚು ಚೌಕ. ಕೆಳಗೆ ಒಂದು ಅಡ್ಡ ಹಲಗೆ, ಅದರ ತುದಿ ನಾಲಿಗೆಯ ಹಾಗೆ ತೆಳುವಾಗಿ ಅಡ್ಡಪಟ್ಟಿಯ ತೂತಿನಿಂದ ಹೊರಗೆ ಬಂದು, ಅಲ್ಲಿ ಬೆಣೆ ಹೊಡೆದು ಬಿಗಿ ಮಾಡಿದ್ದು. ಒಂದು ಮೊಳೆ ಇಲ್ಲ. ಚೌಕ ಕಾಲಿಗೆ ಬೆಳ್ಳಿ ಗೆರೆ ಎದುರುಬದುರು ಎರಡು ಮುಖದಲ್ಲಿ ಮಾತ್ರ ಕಾಣುತ್ತದೆ. ಸ್ಟಿಕ್ಲಿಯವರ ತಮ್ಮ ಒಬ್ಬರು ನಾಲ್ಕು ತುಂಡು ಅಂಟಿಸಿ ನಾಲ್ಕೂ ಮುಖಕ್ಕೆ ಗೆರೆ ಬರುವ ಹಾಗೆ ಮಾಡುತ್ತಿದ್ದರಂತೆ. ಇದನ್ನು ಹೇಳಿದ್ದಕ್ಕೆ ಆಚಾರ್ರು, ‘ಗೋಡೆ ಕಡೆ ಯಾರು ನೋಡ್ತಾರೆ, ಬಿಡಿ’ ಎಂದರು. ಬಿಟ್ಟೆವು.

ಬಿಲ್ಲೆಯ ಕೆಳಗೆ ಅರ್ಧ ಇಂಚಿನ ಪ್ಲೈವುಡ್ ಬೇಕು, ಅದು ಹಿಗ್ಗುವುದಿಲ್ಲ. ಅಂಗಡಿಗೆ ಹೋಗಿ ತುಂಡು ಪ್ಲೈವುಡ್ಡಿಗೆ ದುಡ್ಡು ಕೊಡುವಾಗ ನನಗೆ ಅನ್ನಿಸಿತು, ಇದು ನನ್ನದೇ ಮರ ಇರಬಹುದು ಮಾರಾಯ, ಲಾರಿಯಲ್ಲಿ ಹೋದದ್ದು ಪೇಟೆ ಸುತ್ತಿ ಬಂದಿದೆ.

ಈಗ ನನ್ನ ದಡ್ಡತನದ ಭಾಗ. ಏಪ್ರಿಲ್‌ನಲ್ಲಿ ಮೊದಲ ಸಲ ಕೂಡಿಸಿದಾಗ ಬಿಲ್ಲೆಗೂ ಮರಕ್ಕೂ ನಡುವೆ ಕೂದಲು ತೂರದ ಹಾಗೆ ಇರಬೇಕೆಂದು ನನ್ನ ಹಟ. ಚೌಕಟ್ಟಿನ ಮೂಲೆಯನ್ನೂ ಫೋಟೋ ಫ್ರೇಮಿನ ಹಾಗೆ ಓರೆಗೆ ಕೊಯ್ದು ಕೂಡಿಸಬೇಕೆಂದೂ ಹಟ. ಆಚಾರ್ರು ಎರಡು ಸಲ ಹೇಳಿದರು, ‘ಮಳೆಗೆ ಜಾಗ ಬಿಡಿ ಗೌಡ್ರೇ. ಮರ ಒಣಗಿದ್ದಷ್ಟೇ, ಸತ್ತಿಲ್ಲ.’ ನಾನು ಕೇಳಲಿಲ್ಲ. ಸಿಮೆಂಟ್ ಪೇಸ್ಟಿನಲ್ಲಿ ಬಿಗಿಯಾಗಿ ಕೂರಿಸಿದೆ. ನೋಡಲು ಬಲು ಚೆಂದ. ಬಂದವರಿಗೆಲ್ಲ ತೋರಿಸಿದೆ. ಅವ್ವನಿಗೆ ಮಾತ್ರ ಮೊದಲು ಖುಷಿಯಾಗಲಿಲ್ಲ. ‘ಅದು ಗೋಡೆಗೆ ಇರೋದು ಕಣೋ, ಬಿದ್ದು ಹೋದದ್ದನ್ನ ಎಂತಕ್ಕೆ ಎತ್ತಿ ತಂದೆ?’ ಎಂದರು. ಮೇಲೆ ಒಂದು ಹಳೇ ಪಂಚೆ ಹೊದಿಸಿ, ಅದರ ಮೇಲೆ ಮಾತ್ರೆ ಡಬ್ಬಿ ಇಟ್ಟರು.

ಜುಲೈ ಬಂತು. ನಮ್ಮಲ್ಲಿ ನೂರು ಇಂಚು ಮಳೆ ಎಂದರೆ ಬರಗಾಲ ಎನ್ನುವವರೂ ಇದ್ದಾರೆ. ಬಟ್ಟೆ ಒಣಗಲ್ಲ, ಉಪ್ಪು ನೀರಾಗುತ್ತದೆ, ಬಾಗಿಲು ಹಾಕಲು ಹೆಗಲು ಕೊಡಬೇಕು. ಒಂದು ರಾತ್ರಿ ಅವ್ವನ ಕೋಣೆಯಲ್ಲಿ ಟಪ್ ಎಂದು ಸದ್ದು. ಅವ್ವ ‘ಗೋಡೆ ಬಿತ್ತು!’ ಎಂದು ಕೂಗಿಕೊಂಡು ಕತ್ತಲಲ್ಲೇ ಹೊರಗೆ ಓಡಿ ಬಂದರು. ಎಪ್ಪತ್ತೆಂಟು ವರ್ಷದವರು, ಬರಿಗಾಲು. ಗೋಡೆ ಬಿದ್ದಿರಲಿಲ್ಲ. ಚೌಕಟ್ಟು ಹಿಗ್ಗಿ ಒಂದು ಬಿಲ್ಲೆ ನಡುವಿಗೆ ಸೀಳಿತ್ತು. ಓರೆ ಮೂಲೆಗಳು ಹೊರತುದಿಯಲ್ಲಿ ಬಾಯಿ ಬಿಟ್ಟಿದ್ದವು. ಆದರೆ ಆ ರಾತ್ರಿ ಅವ್ವನ ಮುಖ ನೋಡಿ ನನಗೆ ಗೊತ್ತಾಯಿತು, 2019ರ ಆ ರಾತ್ರಿಯಿಂದ ಅವರು ಸರಿಯಾಗಿ ಮಲಗಿಯೇ ಇಲ್ಲ ಎಂದು. ಮೂರು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅದು ತಿಳಿದಿರಲಿಲ್ಲ. ಆ ಬೆಳಗಿನವರೆಗೆ ಅವ್ವ, ನಾನು, ನನ್ನ ಹೆಂಡತಿ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದೆವು. ಹಳೇ ಮನೆಯ ಬಗ್ಗೆ ಅವರು ಬಾಯಿ ಬಿಟ್ಟು ಮಾತಾಡಿದ್ದು ಅವತ್ತೇ ಮೊದಲು. ಯಾವ ಬಿಲ್ಲೆಯ ಮೂಲೆ ನಾನು ಗೋಲಿ ಹೊಡೆದು ಚಕ್ಕೆ ಎಬ್ಬಿಸಿದ್ದು, ಯಾವುದಕ್ಕೆ ಅಪ್ಪ ತಲೆಯ ಎಣ್ಣೆ ಹತ್ತಿಸಿದ್ದರು, ಎಲ್ಲ. ಕೊನೆಗೆ, ‘ಒಡೆದದ್ದನ್ನ ತೆಗೆದು ಬೇರೆ ಹಾಕು. ಅಟ್ಟದಲ್ಲಿ ಇನ್ನೂ ಮೂರು ಇವೆಯಲ್ಲ’ ಎಂದರು. ಎಣಿಸಿಟ್ಟಿದ್ದರು!

ಎರಡನೆಯ ಸಲ ಆಚಾರ್ರು ಹೇಳಿದ ಹಾಗೇ ಮಾಡಿದೆ. ಮಳೆ ಬಿಟ್ಟು, ಮರ ತೀರಾ ಹಸಿಯೂ ಅಲ್ಲ ತೀರಾ ಒಣಕಲೂ ಅಲ್ಲ ಎನ್ನುವಾಗ, ಡಿಸೆಂಬರಿನಲ್ಲಿ ಬಿಚ್ಚಿದೆವು. ಓರೆ ಮೂಲೆ ತೆಗೆದು ಬಾಗಿಲ ಚೌಕಟ್ಟಿನ ಹಾಗೆ ಒಂದರ ಹೊಟ್ಟೆಗೆ ಇನ್ನೊಂದರ ನಾಲಿಗೆ ಕೂರಿಸಿದೆವು. ಬಿಲ್ಲೆಗಳ ಸುತ್ತ ಎರಡು ರೂಪಾಯಿ ನಾಣ್ಯದ ದಪ್ಪ ಜಾಗ ಬಿಟ್ಟೆವು, ಆಚಾರ್ರು ನಿಜಕ್ಕೂ ನಾಣ್ಯ ತೂರಿಸಿಯೇ ನೋಡಿದರು. ಆ ಜಾಗಕ್ಕೆ ಸಿಮೆಂಟು ಅಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಿಲಿಕೋನ್. ಅದು ರಬ್ಬರಿನ ಹಾಗೆ, ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಬಿಟ್ಟರೆ ಮರಳುತ್ತದೆ. ಮೇಲ್ಭಾಗವನ್ನು ಕಾಲಿನ ಚೌಕಟ್ಟಿಗೆ ಅಂಟಿಸಲಿಲ್ಲ. ಒಳಗಿನಿಂದ ಸಣ್ಣ ಮರದ ತುಂಡುಗಳು ಹಿಡಿದುಕೊಂಡಿವೆ, ಹಿಗ್ಗಿದರೆ ಜಾರುತ್ತವೆ. ಹಳೇ ಬಿಲ್ಲೆಗಳು ಒಂದೊಂದು ಕೂದಲೆಳೆ ಹೆಚ್ಚುಕಡಿಮೆ ಇರುತ್ತವೆ, ಒಣಗಿಸಿಯೇ ಜೋಡಿಸಿ ನೋಡಿ, ಹಿಂದೆ ನಂಬರು ಬರೆದುಕೊಂಡು ಆಮೇಲೆ ಅಂಟು ಹಾಕಬೇಕು.

ಹೊಳಪಿಗೆ ಮೊದಲ ಸಲ ಅರಗಿನ ಪಾಲಿಶ್ ಹಚ್ಚಿದ್ದೆ, ಬಿಸಿ ಲೋಟ ಮರಕ್ಕೆ ತಾಗಿದಲ್ಲೆಲ್ಲ ಬಿಳಿ ಬಳೆ ಬಿತ್ತು. ಎರಡನೆಯ ಸಲ ಅಗಸೆ ಎಣ್ಣೆ, ಅದರ ಮೇಲೆ ನಮ್ಮದೇ ಪೆಟ್ಟಿಗೆಯ ಜೇನಿನ ಮೇಣ. ಒಂದು ಎಚ್ಚರಿಕೆ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾವೇರಿ ಬೆಂಕಿ ಹತ್ತುತ್ತದೆ. ಬಿಡಿಸಿ ಒಣಹಾಕಿ, ಇಲ್ಲವೇ ನೀರಿಗೆ ಹಾಕಿ. ಅಮೆರಿಕದವರು ಓಕಿಗೆ ಅಮೋನಿಯಾದ ಹಬೆ ಕೊಟ್ಟು ಕಂದು ಬಣ್ಣ ಬರಿಸುತ್ತಿದ್ದರು. ಕುದುರೆ ಲಾಯದಲ್ಲಿ ಇಟ್ಟ ಹಲಗೆ ತಾನೇ ಕಪ್ಪಾದದ್ದನ್ನು ನೋಡಿ ಕಲಿತದ್ದೆಂದು ಹೇಳುತ್ತಾರೆ. ನಮ್ಮ ಕೊಟ್ಟಿಗೆಯ ಕಂಬ ನೋಡಿದವರಿಗೆ ಇದೇನು ಆಶ್ಚರ್ಯವಲ್ಲ. ನಾವು ಅದಕ್ಕೆ ಹೋಗಲಿಲ್ಲ, ಇದು ಇದರ ಬಣ್ಣದಲ್ಲೇ ಇರಲಿ ಎಂದು ಬಿಟ್ಟೆವು. ಕಾಲ ಕಳೆದ ಹಾಗೆ ತಾನೇ ಕೆಂಪಗಾಗುತ್ತಿದೆ.

ಅದಾದ ಮೇಲೆ ಮಳೆಗಾಲಗಳನ್ನು ಈ ಮೇಜು ದಾಟಿದೆ. 2024ರ ಜುಲೈನ ಆ ಮಳೆಯನ್ನೂ ದಾಟಿದೆ. ಅಧ್ಯಕ್ಷರೇ, ಲೋಟ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಎಲ್ಲರಿಗೂ ಕಾಣುತ್ತದೆ. ಬಲಗಡೆ ಮೂಲೆಯ ಬಿಲ್ಲೆಯ ಚಕ್ಕೆ ನಾನು ಗೋಲಿ ಹೊಡೆದದ್ದು.

ಈಗ ಸಂಘದ ವಿಷಯ. ನಮ್ಮ ಸಂಘ ಹುಟ್ಟಿದ್ದು ಕಾಫಿ ಬೆಲೆ ನೆಲ ಕಚ್ಚಿದ ಕಾಲದಲ್ಲಿ. ಆಗ ಗೊಬ್ಬರಕ್ಕೆ ದುಡ್ಡಿಲ್ಲದೆ ಒಬ್ಬೊಬ್ಬರೂ ಸಿಲ್ವರ್ ಮರ ಮಾರಿ ತೋಟ ಉಳಿಸಿಕೊಂಡದ್ದು ಹಿರಿಯರಿಗೆ ಗೊತ್ತು. ಈ ಎರಡು ಮೂರು ವರ್ಷ ಕಾಫಿಗೆ ಬೆಲೆ ಬಂದಿದೆ, ಕೈಯಲ್ಲಿ ನಾಲ್ಕು ಕಾಸು ಇದೆ. ಮರ ಮಾರಲೇಬೇಕಾದ ಅವಸರ ಯಾರಿಗೂ ಇಲ್ಲ. ಹಾಗಾಗಿ ಈಗಲೇ ಕೇಳುತ್ತಿದ್ದೇನೆ. ಎಲ್ಲ ಮರವನ್ನೂ ಹಲಗೆ ಮಾಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನನಗೆ ತಲೆ ಸರಿ ಇಲ್ಲ ಎಂದಾಗುತ್ತದೆ. ಲೋಡಿಗೆ ಹೋಗುವುದು ಹೋಗಲಿ. ಐದಡಿ ಸುತ್ತಳತೆ ಮೀರಿದ ಬುಡದ ದಿಮ್ಮಿಗಳನ್ನು ಮಾತ್ರ ಬೇರೆ ತೆಗೆದು, ಸೀಳಿ ಕೊಯ್ಯಿಸಿ, ನಮ್ಮ ಹಳೇ ಗೊಬ್ಬರದ ಗೋದಾಮಿನ ಅಟ್ಟದಲ್ಲಿ ಒಂದು ವರ್ಷ ಅಟ್ಟಿ ಹಾಕಿ ಇಡಲು ಸದಸ್ಯರಿಗೆ ಜಾಗ ಕೊಡಬೇಕು. ಬಾಡಿಗೆ ಹಾಕಿ, ನಾನೇ ಮೊದಲು ಕಟ್ಟುತ್ತೇನೆ. ಮರ ಒಣಗಿಸುವ ಶಾಸ್ತ್ರ ತಿಳಿದವರು ಬೇಕೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ, ಕಾಗದ ಬರೆಯೋಣ.

ಎರಡನೆಯದು ಇದಕ್ಕಿಂತ ಅವಸರದ್ದು. ಆಚಾರ್ರಿಗೆ ಈ ವರ್ಷ ಎಪ್ಪತ್ತೈದು ದಾಟಿತು. ಎಡಗಣ್ಣಿನ ಆಪರೇಷನ್ ಆಗಿದೆ, ಬಲಗಣ್ಣಿನದು ಆಗಬೇಕು. ದಿನಕ್ಕೆ ಎರಡು ಗಂಟೆ ಕೂತು ಹೇಳಿಕೊಡುತ್ತೇನೆ, ಕಲಿಯುವವರನ್ನು ಕರೆತನ್ನಿ ಎಂದಿದ್ದಾರೆ. ನಾಲ್ಕು ಜನ ಹುಡುಗರು ಸಾಕು, ಹುಡುಗಿಯರಾದರೂ ಆಗಬಹುದು ಎಂದು ಅವರೇ ಹೇಳಿದರು. ಅವರ ಕೂಲಿಯನ್ನು ಶಿಕ್ಷಣ ನಿಧಿಯಿಂದ ಕೊಡಬಹುದೇ ಎಂದು ಕೇಳಿದ್ದಕ್ಕೆ ಆಡಳಿತ ಮಂಡಳಿಯಲ್ಲಿ ‘ಬೈಲಾದಲ್ಲಿ ಅವಕಾಶ ಇಲ್ಲ’ ಎಂದರು. ನನಗೆ ಬೇಸರವಿಲ್ಲ, ಅದು ಕಾನೂನು. ಆದರೆ ಬೈಲಾ ತಿದ್ದುವುದು ಸರ್ವ ಸದಸ್ಯರ ಸಭೆ, ಅಂದರೆ ನೀವು. ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಲು ಬರಹದಲ್ಲಿ ಕೊಟ್ಟಿದ್ದೇನೆ. ‘ಗೌಡ್ರು ಒಂದು ಮೇಜು ಮಾಡಿ ಸಂಘದ ದುಡ್ಡು ಹಾಳು ಮಾಡಲು ಹೊರಟರು’ ಎಂದು ಹಿಂದಿನಿಂದ ಹೇಳುವವರು ಅವತ್ತು ಎದ್ದು ನಿಂತು ಮುಂದೆಯೇ ಹೇಳಿ. ಲೆಕ್ಕ ತರುತ್ತೇನೆ. ಈ ಮೇಜಿಗೆ ಆಚಾರ್ರ ಕೂಲಿ ಎಂಟು ದಿನದ್ದು, ಅದರಲ್ಲಿ ಎರಡು ದಿನ ನನ್ನ ಹಟದ ದಂಡ. ಪ್ಲೈವುಡ್ ತುಂಡು, ಅಂಟು, ಸಿಲಿಕೋನ್, ಎಣ್ಣೆ ಸೇರಿ ಸಾವಿರ ರೂಪಾಯಿಯೊಳಗೆ. ಮರ ಹಳ್ಳದಲ್ಲಿ ಬಿದ್ದಿದ್ದದ್ದು.

ಬಿಲ್ಲೆ ಎಲ್ಲಿಂದ ತರೋದು ಎಂದು ಕೇಳುತ್ತೀರಿ. ಹಳೇ ಮನೆ ಇಳಿಸುವವರು ದಯವಿಟ್ಟು ಜೆ.ಸಿ.ಬಿ. ಕರೆಯುವ ಮೊದಲು ಒಂದು ದಿನ ಕಾಯಿರಿ. ಜಗಲಿ, ಮೆಟ್ಟಿಲು, ದೇವರ ಕೋಣೆ ನೋಡಿ. ಸುಣ್ಣದ ಗಾರೆಯಲ್ಲಿದ್ದರೆ ನೆನೆಸಿ ಬಿಡಿಸಬಹುದು. ಮಣ್ಣಿನ ಜೊತೆ ಲಾರಿಯಲ್ಲಿ ಹೋದರೆ ಹೋಯಿತು. ನಮ್ಮಲ್ಲಿ ಉಳಿದ ಎರಡನ್ನು ಕೇಳಬೇಡಿ. ಅವು ಅವ್ವನ ಟ್ರಂಕಿನಲ್ಲಿವೆ, ಬೀಗದ ಕೈ ಅವರ ಸೊಂಟದಲ್ಲಿದೆ.

ಅವ್ವ ಈಗ ಪಂಚೆ ಹೊದಿಸುವುದಿಲ್ಲ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ತಾವೇ ಒರೆಸುತ್ತಾರೆ. ಸಿಟ್‌ಔಟಿಗೂ ಬರುತ್ತಾರೆ, ಮೇಜನ್ನು ಯಾರಾದರೂ ಅಲ್ಲಿಗೆ ಎತ್ತಿ ತಂದಿಟ್ಟರೆ. ಇವತ್ತು ಇಲ್ಲಿಗೆ ತರುತ್ತೇನೆ ಎಂದಾಗ ಅರ್ಧ ಗಂಟೆ ಸುಮ್ಮನಿದ್ದು, ಆಮೇಲೆ ಒಂದು ಷರತ್ತಿನ ಮೇಲೆ ಕೊಟ್ಟರು: ದೀಪ ಹಚ್ಚುವುದರೊಳಗೆ ವಾಪಸು ಬರಬೇಕು. ಈಗ ಗಂಟೆ ನಾಲ್ಕೂವರೆ. ಇನ್ನು ಇಬ್ಬರ ಭಾಷಣ ಇದೆ. ಅಧ್ಯಕ್ಷರು ದಯವಿಟ್ಟು ಲೋಟ ಕೈಯಲ್ಲಿ ಹಿಡಿದುಕೊಳ್ಳಬೇಕು. ಕೆಳಗೆ ಜೀಪು ನಿಂತಿದೆ, ಇಬ್ಬರು ಹುಡುಗರು ಬಂದು ಕೈ ಕೊಟ್ಟರೆ ಹೊರಡುತ್ತೇನೆ.